ನಮ್ಮವರು ಯಾರೂ ಇಲ್ಲದ ಊರು

ನಮ್ಮ ಅತ್ತೆಯಷ್ಟು ತಣ್ಣಗೆ ಇನ್ನೊಬ್ಬರ ಎದೆಬಡಿತ ನಿಲ್ಲಿಸಬಲ್ಲ ಹೆಂಗಸನ್ನು ನೀವು ಜಹೀರಾಬಾದಿನಿಂದ ತಾಂಡೂರಿನವರೆಗೆ ಹುಡುಕಿದರೂ ಕಾಣಲಾರಿರಿ. ಇದು ಚಾಡಿಯಲ್ಲ. ಬೇಕಾದರೆ ನಮ್ಮ ಮನೆಗೆ ಬಿಪಿ ಗುಳಿಗೆ ಕೊಡುವ ಅಂಗಡಿಯವರನ್ನು ಕೇಳಿ. ಅವರ ವ್ಯಾಪಾರದ ಏರುಪೇರಿಗೂ ಅತ್ತೆಯ ಬಾಯಿಗೂ ನೇರ ಸಂಬಂಧವಿದೆ. ಬೇರೆಯವರು ಆಘಾತದ ಸುದ್ದಿ ಹೇಳುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಕುಳಿತುಕೋ ಎನ್ನುತ್ತಾರೆ, ನೀರು ಕೊಡುತ್ತಾರೆ. ಅತ್ತೆ ಹಾಗಲ್ಲ. ತೊಗರಿಬೇಳೆ ಕೇರುತ್ತ ಕೇರುತ್ತ, ಮೊರದಲ್ಲಿನ ಕಲ್ಲನ್ನು ಆಚೆ ಎಸೆಯುವ ಹಾಗೆ, ಮಾತನ್ನು ಎಸೆದುಬಿಡುತ್ತಾಳೆ. ಕಲ್ಲು ಯಾರ ಹಣೆಗೆ ಬಿತ್ತು ಎಂದು ತಿರುಗಿ ನೋಡುವುದೂ ಇಲ್ಲ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಗಂಡನ ತಾಯಿ ಅಲ್ಲ. ಆ ಅತ್ತೆ ಪಾಪ, ಸಾಧು ಪ್ರಾಣಿ. ಈ ಅತ್ತೆ ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಗೋಡೆಗೆ ಜಗತ್ತಿನ ನಕ್ಷೆ ನೇತುಹಾಕಿ, ಕೋಲಿನ ತುದಿಯಲ್ಲಿ ಮಕ್ಕಳನ್ನು ಪೆಸಿಫಿಕ್ ಸಾಗರ ದಾಟಿಸಿದವಳು ತಾನು ಮಾತ್ರ ಪಡುವಣಕ್ಕೆ ಸೊಲ್ಲಾಪುರ, ಮೂಡಣಕ್ಕೆ ಹೈದರಾಬಾದು ದಾಟಿರಲಿಲ್ಲ. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರೆ, ಈಕೆ ವೇದಿಕೆಯ ಮೇಲಿದ್ದ ಗಣ್ಯರ ಕಡೆ ತಿರುಗಿ, "ಮಂಗೋಲಿಯಾದ ರಾಜಧಾನಿ ಯಾವುದ್ರಿ? ಕೈ ಎತ್ತಿ ಹೇಳ್ರಿ" ಅಂದಳಂತೆ. ಒಂದೂ ಕೈ ಏಳಲಿಲ್ಲ. "ಕುಂದರ್ರಿ" ಎಂದಳಂತೆ. ಅವರು ಕುಳಿತೇ ಇದ್ದರು!

ಅತ್ತೆಗೆ ಮದುವೆಯಾಗಲಿಲ್ಲ. ಆಗಬಾರದೆಂಬ ಹಠವೇನೂ ಇರಲಿಲ್ಲವಂತೆ. ಗಂಡು ನೋಡಬೇಕೆಂದು ಹೊರಟಾಗಲೆಲ್ಲ ಮನೆಯಲ್ಲಿ ಬೇರೆ ಏನೋ ಅವಸರ ಬರುತ್ತಿತ್ತು. ಅಜ್ಜನ ಕಾಯಿಲೆ, ಕಾಕಾನ ಕಾಲೇಜು, ಸಣ್ಣತ್ತೆಯ ಮದುವೆ. ಎಲ್ಲ ಅವಸರಗಳೂ ಮುಗಿದ ಮೇಲೆ ನೋಡಿದರೆ ಈಕೆಯ ಮದುವೆಗೆ ಯಾರಿಗೂ ಅವಸರವೇ ಉಳಿದಿರಲಿಲ್ಲ. ಹಾಗಾಗಿ ಅವಳಿಗೆ ಮೂರು ಮನೆಗಳು. ಜಹೀರಾಬಾದಿನಲ್ಲಿ ನಮ್ಮದು, ನಾರಾಯಣಖೇಡದಲ್ಲಿ ಅವಳ ತಂಗಿ ಸಣ್ಣತ್ತೆಯದು, ತಾಂಡೂರಿನಲ್ಲಿ ಅವಳ ತಮ್ಮ, ಅಂದರೆ ನಮ್ಮ ಕಾಕಾನದು. ಒಂದು ದಿಂಬು, ಒಂದು ಸ್ಟೀಲ್ ಚೊಂಬು, ಎರಡು ಸೀರೆ ಹಿಡಿದುಕೊಂಡು ಮೂರೂ ಊರುಗಳ ನಡುವೆ ಬಸ್ಸು, ರೈಲು, ಜೀಪು ಹತ್ತಿ ತಿರುಗುತ್ತಿದ್ದಳು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಶಾವಿಗೆ ಹೊಸೆಯಬೇಕು ಎಂಬುದರ ಮೇಲೆ ಅವಳ ಮುಕ್ಕಾಮು ತೀರ್ಮಾನವಾಗುತ್ತಿತ್ತು. ಬರುವ ಮೊದಲು ಫೋನು ಮಾಡುವ ಪದ್ಧತಿ ಇಲ್ಲ. ಬಾಗಿಲು ಬಡಿದರೆ ಅತ್ತೆ ಎಂದು ತಿಳಿಯಬೇಕು.

ಹೀಗಿರುವಾಗ ಎಳ್ಳಮಾಸಿ ಬಂತು. ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹಸಿ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿಯ ಗಡಿಗೆ, ಸಜ್ಜೆಯ ರೊಟ್ಟಿ, ಕಡುಬು, ಅಂಬಲಿ ಎಲ್ಲ ಗಾಡಿಗೆ ಹೇರಿಕೊಂಡು ಹೊಲಕ್ಕೆ ಹೋಗುತ್ತೇವೆ. ನ್ಯಾಲ್ಕಲ್ ಹತ್ತಿರದ ನಮ್ಮ ಹೊಲದಲ್ಲಿ, ಬೇವಿನ ಮರದ ಕೆಳಗೆ, ಮೂರೂ ಮನೆಯವರು ಸಾಲಾಗಿ ಊಟಕ್ಕೆ ಕುಳಿತಿದ್ದೆವು. ಅತ್ತೆ ಬಡಿಸುತ್ತಿದ್ದಳು.

"ಅಣ್ಣಾ, ನಾ ಮೂರು ತಿಂಗಳ ಪರದೇಶದಾಗ ಇದ್ದು ಬರಬೇಕಂತ ಮಾಡೀನ್ರಿ. ಇನ್ನಾ ಜರಾ ಭಜ್ಜಿ ಹಾಕ್ಲೇನು?"

ಭಜ್ಜಿಯ ಪ್ರಶ್ನೆಗೆ ಎಲ್ಲರೂ ಹೂಂ ಎಂದರು. ಭಜ್ಜಿ ಹಾಕಿಸಿಕೊಂಡ ಮೇಲೆ ಒಬ್ಬೊಬ್ಬರಿಗೇ ಅದರ ಹಿಂದಿನ ಮಾತು ಅರ್ಥವಾಗತೊಡಗಿತು. ಸಣ್ಣತ್ತೆಗೆ ನೆತ್ತಿ ಹತ್ತಿತು. ಕಾಕಾನ ಕೈಯ ರೊಟ್ಟಿ ಅಂಬಲಿಯಲ್ಲಿ ಮುಳುಗಿ ಹೋಯಿತು. ಅಪ್ಪ ಮಾತ್ರ ಹಿರಿಯಣ್ಣನ ಗಾಂಭೀರ್ಯ ಬಿಡದೆ ಕೇಳಿದರು:

"ಯಾರ ಕಡಿ ಹೊಂಟೀಯವ್ವಾ?"

"ಯಾರ ಕಡೀನೂ ಇಲ್ರಿ."

"ಯಾತ್ರಾ ಬಸ್ಸೇನು?"

"ಯಾತ್ರಾ ಅಲ್ರಿ. ಒಂದೂರಾಗ ಮನಿ ಹಿಡದು ಇರೂದು."

"ಯಾವೂರು?"

"ಅದಿನ್ನಾ ಗೊತ್ತಿಲ್ರಿ. ಹುಡುಕಬೇಕು."

ಹುಡುಗ ಗೊತ್ತಿಲ್ಲದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ! ನನ್ನ ಅವ್ವ ಮೆಲ್ಲಗೆ, "ಅದಕ್ಕ ಪಾಸ್‌ಪೋರ್ಟ್ ಅಂತ ಏನೋ ಬೇಕಂತಲ್ಲವ್ವಾ" ಎಂದು ಆಸೆಯಿಂದ ಕೇಳಿದಳು. ಅತ್ತೆ ಸೌಟು ಝಾಡಿಸುತ್ತ, "ಮಾಡ್ಸಿ ಇಟ್ಟೀನಿ" ಅಂದಳು. ಎರಡನೆಯ ಸಿಡಿಲು. "ಮತ್ತ ಒಂದೇ ಮಾತು. ಊರು ಯಾವುದರೆ ಇರ್ಲಿ. ಅಲ್ಲಿ ನಮ್ಮವರು ಯಾರೂ ಇರಬಾರದು." ಮೂರನೆಯದು.

ಜಗತ್ತಿನಲ್ಲಿ ಯಾರಾದರೂ ಪರದೇಶದ ಊರನ್ನು ಹೀಗೆ ಆರಿಸಿದ್ದನ್ನು ನೀವು ಕೇಳಿದ್ದೀರಾ? ಎಲ್ಲರೂ ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ಮೊದಲು ಹುಡುಕುತ್ತಾರೆ. ಹೆಂಡತಿಯ ಚಿಕ್ಕಪ್ಪನ ಅಳಿಯನ ಗೆಳೆಯನಾದರೂ ಸಾಕು, ಉಪ್ಪಿನಕಾಯಿ ಕಟ್ಟಿಕೊಂಡು ಹೊರಟುಬಿಡುತ್ತಾರೆ.

ಅಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದರು: "ನಮ್ಮ ಮನ್ಯಾಗ ನಿನಗೇನ್ ಕಮ್ಮಿ ಆಗ್ಯದವ್ವಾ?"

"ಏನೂ ಕಮ್ಮಿ ಇಲ್ರಿ ಅಣ್ಣಾ."

"ಮತ್ಯಾಕ?"

ಅತ್ತೆ ಸೌಟು ಇಟ್ಟು ಮಜ್ಜಿಗೆಯ ಗಡಿಗೆ ಎತ್ತಿಕೊಂಡಳು. ಆಮೇಲೆ, "ಮಜ್ಜಿಗಿ ಹಾಕ್ಲೇನ್ರಿ?" ಎಂದಳು.

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅಂದಿನಿಂದ ತಂಗಿಯೊಡನೆ ಮಾತು ಬಿಟ್ಟರು. ಮಂದಿ ಏನೆಂದಾರು ಎಂಬ ಚಿಂತೆ ಕಾಕಾನಿಗಿತ್ತು, ಸಣ್ಣತ್ತೆಗಿತ್ತು. ಅಪ್ಪನದು ಅದಲ್ಲ. ತಂಗಿ ತನ್ನ ಮೇಲೆ ಮುನಿಸಿಕೊಂಡು, ಯಾವ ತಪ್ಪಿಗೆ ಎಂದು ಹೇಳದೆ ದೂರ ಹೋಗುತ್ತಿದ್ದಾಳೆ ಎಂದು ಅವರ ನಂಬಿಕೆ. ಹಗಲೆಲ್ಲ ಅವ್ವನ ಹಿಂದೆ ತಿರುಗಿ, "ನೀ ಏನರ ಅಂದೀಯೇನು? ನೆಪ್ಪು ಮಾಡಿಕೋ" ಎಂದು ವಿಚಾರಣೆ ನಡೆಸಿದರು. ಅವ್ವನಿಗೂ ಸಾಕಾಗಿ ಹೋಯಿತು.

ಊರು ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಜಹೀರಾಬಾದಿನಲ್ಲೇ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ತವರು ಮನೆ ಎರಡು ಓಣಿ ಆಚೆ. ನನ್ನ ಮೊಬೈಲಿನಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತದೆ ಎನ್ನುವುದೇ ನನ್ನ ಅಪರಾಧ. ಅತ್ತೆ ದಿನಾ ಸಂಜೆ ಬಂದು ಕನ್ನಡಕ ಏರಿಸಿ ಕೂರುತ್ತಿದ್ದಳು.

ದುಬೈ? "ಬ್ಯಾಡ. ಅಲ್ಲಿ ಅರ್ಧ ಜಹೀರಾಬಾದ ಅದ." ಸಿಂಗಾಪುರ? ನನ್ನ ಗಂಡನ ಅಕ್ಕನ ಮಗ ಇದ್ದಾನೆ. "ಅವ ದಿನಾ ಸಂಜೀಕ ನನ್ನ ನೋಡ್ಲಿಕ್ಕ ಬರ್ತಾನ. ಬ್ಯಾಡ." ಕಾಠ್ಮಂಡು? ವೀಸಾ ಬೇಡ, ಶಿವ ಇದ್ದಾನೆ, ತಂಪು ಇದೆ. ನಾನು ಆಸೆಯಿಂದ ಹೇಳಿದೆ. ಅತ್ತೆ ನನ್ನನ್ನು ನಪಾಸಾದ ಹುಡುಗಿಯ ಹಾಗೆ ನೋಡಿದಳು. "ಶ್ರಾವಣದಾಗಷ್ಟೇ ಅಲ್ಲ, ಎಲ್ಲಾ ತಿಂಗಳಾಗೂ ನಮ್ಮ ಕಡೀ ಒಂದು ಯಾತ್ರಾ ಬಸ್ಸು ಅಲ್ಲಿ ನಿಂತಿರ್ತದ. ಇಳದವರೆಲ್ಲಾ ನೇರ ನಮ್ಮನಿಗೇ ಚಹಾಕ್ಕ ಬರ್ತಾರ. ಮತ್ತ ಶಿವನ ಫಿಕರ್ ನೀ ಮಾಡಬ್ಯಾಡ, ನನ್ನ ಶಿವ ನನ್ನ ಕೊರಳಾಗೇ ಅದಾನ" ಎಂದು ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿ ತೋರಿಸಿದಳು. ದೇವರಿಗೆ ಬೇರೆ ಟಿಕೆಟ್ಟೂ ಬೇಕಿಲ್ಲ!

ನಾರಾಯಣಖೇಡದಲ್ಲಿ ಸಣ್ಣತ್ತೆಯ ಮಗ್ಗುಲ ಮನೆಯಾತ ಮಸ್ಕತ್‌ನಲ್ಲಿ ಇದ್ದು ಬಂದವನು. ಅವನನ್ನು ವಿಚಾರಿಸಲು ಹೋದೆವು. ಆತ ಉತ್ಸಾಹದಿಂದ ಉಬ್ಬಿಹೋದ.

"ಭಾಳ ಛಲೋ ಊರ್ರಿ ಟೀಚರ್. ರೋಡ್ ಅಂದ್ರ ರೋಡ್. ಅನ್ನ ಕೆಳಗ ಚೆಲ್ಲಿ ತಿನ್ನಬಹುದು."

"ತಟ್ಟಿ ಸಿಗೂದಿಲ್ಲೇನು?"

"ಸಿಗ್ತಾವ್ರಿ! ಮತ್ತ ನಿಮಗ ಬಿಲ್ಕುಲ್ ಪರಕೀಯ ಅನಸಂಗಿಲ್ಲ. ನಮ್ಮ ಕಂಗ್ಟಿ, ನಾಗಲಗಿದ್ದ ಕಡೀ ಮಂದಿ ಅಲ್ಲಿ ಎಷ್ಟದಾರಂತೀರಿ! ಶುಕ್ರವಾರ ಎಲ್ಲಾರೂ ಕೂಡಿ..."

ಅತ್ತೆ ಎದ್ದು ನಿಂತಳು. "ಚಹಾ ಛಲೋ ಆಗಿತ್ತಪ್ಪಾ" ಎಂದು ಹೊರಟೇಬಿಟ್ಟಳು. ಆತ ತಾನು ಏನು ತಪ್ಪು ಮಾತಾಡಿದೆ ಎಂದು ಇಂದಿಗೂ ಸಣ್ಣತ್ತೆಯನ್ನು ಕೇಳುತ್ತಾನೆ.

ತಾಂಡೂರಿಗೆ ಹೋದದ್ದು ಕಾಕಾನನ್ನು ಒಪ್ಪಿಸಲು. ಕಾಕಾನದು ಕಲ್ಲಿನ ವ್ಯಾಪಾರ. ನೆಲಕ್ಕೆ ಹಾಸುವ ನೀಲಿ ಕಲ್ಲು, ಹಳದಿ ಕಲ್ಲು ಕೊಯ್ಯುವ ಯಂತ್ರಗಳ ಸದ್ದಿನಲ್ಲಿ ಬದುಕಿ ಬದುಕಿ ಆತನಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿದೆ. ಆತ ಅಕ್ಕನನ್ನು ಎದುರಿಸದೆ ಉಪಾಯ ಹೂಡಿದ್ದ. ಅತ್ತೆ ಯಾವ ಊರು ಹೇಳಿದರೂ ಅಲ್ಲಿ ಒಬ್ಬ ನೆಂಟನನ್ನು ಹುಟ್ಟಿಸುವುದು!

"ತಮ್ಮಾ, ಪೆನಾಂಗ್ ಅಂತ ಒಂದೂರು ಅದ" ಎಂದಳು ಅತ್ತೆ.

"ಪೆನಾಂಗ? ಅಯ್ಯೋ ಅಕ್ಕಾ, ಅಲ್ಲಿ ನಮ್ಮ ಬಸವಕಲ್ಯಾಣದ ಮಾಮಾನ ಅಳಿಯ ಅದಾನಲ್ಲ!"

"ಹೌದಾ? ಹೋಗ್ಲಿ. ಚಿಯಾಂಗ್ ಮಾಯ್?"

"ಅಲ್ಲೇ ನೋಡು ನಮ್ಮ ಬೀಗರ ಹುಡುಗ ಹೋಟೆಲ್ ಹಾಕ್ಯಾನ."

"ದಲತ್?"

"ಹೋದ ತಿಂಗಳೇ ನಮ್ಮ ಪೈಕಿ ಒಬ್ಬ ಡಾಕ್ಟರ್ ಹೋಗ್ಯಾನ. ಫ್ಯಾಮಿಲಿ ಸಮೇತ!"

ನನಗೇ ನಮ್ಮ ವಂಶ ಇಷ್ಟೊಂದು ಹಬ್ಬಿದೆಯೆಂದು ಗೊತ್ತಿರಲಿಲ್ಲ. ಅತ್ತೆ ತಲೆ ಅಲ್ಲಾಡಿಸುತ್ತ, ಬಹಳ ನಿರಾಶೆಯಾದವಳ ಹಾಗೆ ಉಸಿರು ಬಿಟ್ಟು ಕೇಳಿದಳು: "ಹಂಗಾರ ಕೊನೀದು ಒಂದೇ ಉಳೀತು. ತಿಂಬೊಲಾನಾ?"

"ತಿಂಬೊಲಾನಾ! ಅಲ್ಲಂತೂ ನಾಗಲಗಿದ್ದದ ಮಂದಿ ಓಣಿ ಓಣೀನೇ ಅದ!" ಕಾಕಾ ಯಂತ್ರಕ್ಕಿಂತ ಜೋರಾಗಿ ಕೂಗಿದ.

"ಹೌದಾ ತಮ್ಮಾ? ಆ ಊರು ನಾ ಈಗ ಚಹಾ ಕುಡಕೋತ ಮಾಡೀನಿ."

ಕಾಕಾ ಕಪ್ಪು ಕೆಳಗಿಟ್ಟ. ಕಾಕಾನ ಹೆಂಡತಿ ಒಳಗೆ ಹೋಗಿ ನಕ್ಕು ಬಂದಳು. ಅತ್ತೆ ಮಾತ್ರ ನಗದೆ, ಶಾಲೆಯ ದನಿಯಲ್ಲಿ, "ನಕಾಶಾ ನೋಡಿ ಸುಳ್ಳು ಹೇಳಬೇಕು" ಎಂದಳು.

ಇಷ್ಟಾದ ಮೇಲೆ ಅತ್ತೆ ತಾಲೀಮು ಶುರು ಮಾಡಿದಳು. ಭಾಷೆ ಬರದ ಊರಿನಲ್ಲಿ ಹೇಗೆ ಬದುಕುವುದು? ಅಭ್ಯಾಸ ಬೇಕಲ್ಲ! ನನಗೂ ಹೇಳದೆ ಒಂದು ಬೆಳಗ್ಗೆ ಜಹೀರಾಬಾದಿನ ತರಕಾರಿ ಬಜಾರಿಗೆ ಹೋದಳು. ಕನ್ನಡ, ತೆಲುಗು, ದಖ್ಖನಿ ಮೂರನ್ನೂ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅವಳಿಗೆ ಚಿಕ್ಕಂದಿನಿಂದ ಪರಿಚಯವಿರುವ ತರಕಾರಿಯಾಕೆ, "ಬಾರವ್ವಾ ಟೀಚರ್, ಬದನಿಕಾಯಿ ಎಳೇವು ಬಂದಾವ" ಎಂದರೆ ಅತ್ತೆ ಅರ್ಥವಾಗದವಳಂತೆ ಕಣ್ಣರಳಿಸಿ ನೋಡಿದಳು. ಬದನೆಯನ್ನು ಬೆರಳಲ್ಲಿ ತೋರಿಸಿದಳು. ಅಂಗೈ ತಿರುಗಿಸಿ ಎಷ್ಟು ಎಂದು ಕೇಳಿದಳು. ಬೆಲೆ ಹೇಳಿದರೆ ಬಾಯಿ ಸೊಟ್ಟಗೆ ಮಾಡಿ ಕೈಯಾಡಿಸಿದಳು. ಆ ಸೊಟ್ಟ ಬಾಯಿಯೇ ಮುಳುವಾಯಿತು! ತರಕಾರಿಯಾಕೆ ಎದೆ ಎದೆ ಬಡಿದುಕೊಂಡು, "ಟೀಚರ್‌ಗ ಲಕ್ವಾ ಹೊಡದದ ರೀ! ಯಾರರ ಬರ್ರೀ!" ಎಂದು ಬಜಾರೆಲ್ಲ ಒಂದು ಮಾಡಿದಳು.

ನನಗೆ ಕ್ಲಾಸಿನಲ್ಲಿ ಫೋನು ಬಂತು. ಬೋರ್ಡಿನ ಮೇಲೆ ಅರ್ಧ ಬರೆದ ವಾಕ್ಯ ಬಿಟ್ಟು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅತ್ತೆಯನ್ನು ಶುಂಠಿಯ ಮೂಟೆಗಳ ಮೇಲೆ ಮಲಗಿಸಿದ್ದರು. ಒಬ್ಬಾಕೆ ಕಾಲು ತಿಕ್ಕುತ್ತಿದ್ದಳು, ಇನ್ನೊಬ್ಬಾತ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಿದ್ದ. ಅಪ್ಪ ಅದಾಗಲೇ ಬಂದಿದ್ದರು. ಮಾತು ಬಿಟ್ಟಿದ್ದ ಅಪ್ಪ! ಕಾಲಲ್ಲಿ ಚಪ್ಪಲಿ ಇಲ್ಲ, ಅರ್ಧ ಕ್ಷೌರ ಮಾಡಿದ ಗಲ್ಲದ ಮೇಲೆ ನೊರೆ. "ಒಂದ್ ಮಾತರ ಆಡವ್ವಾ, ಒಂದೇ ಮಾತು" ಎಂದು ಅತ್ತೆಯ ಕೈ ಹಿಡಿದು ಬೇಡುತ್ತಿದ್ದರು.

ಅತ್ತೆ ಕಣ್ಣು ತೆರೆದು ಅಣ್ಣನನ್ನು ನೋಡಿದಳು. "ನೀವು ಮೊದಲ ಆಡೀರಿ. ನಾ ಗೆದ್ದೆ" ಎಂದಳು.

ಅಪ್ಪ ಕೈ ಬಿಟ್ಟು, ನೊರೆಯ ಗಲ್ಲ ಹೊತ್ತುಕೊಂಡು ಬರಿಗಾಲಲ್ಲಿ ತಿರುಗಿ ಹೋದರು. ಮತ್ತೆ ಮಾತು ಬಂದ್. ಡಾಕ್ಟರು ಬಂದು ಬಿಪಿ ನೋಡಿದರು. ಅತ್ತೆಯದಲ್ಲ, ನನ್ನದು!

ಕೊನೆಗೆ ಸಿಕ್ಕ ಊರು ವಿಯೆಟ್ನಾಮಿನದು. ಹೆಸರು ಹ್ವೆ. ಹಿಂದೆ ರಾಜರಿದ್ದ ಊರು, ನಡುವೆ ನದಿ, ರೈಲು ಇದೆ, ಬೌದ್ಧರು ಬಹಳವಾದ್ದರಿಂದ ಓಣಿಗೊಂದು ಸಸ್ಯಾಹಾರದ ಊಟ. ಮೂರು ತಿಂಗಳಿಗೆ ವೀಸಾ ಸಿಗುತ್ತದೆ. ಹಿಂದೆ ಮುಂದೆ ವಿಚಾರಿಸಿದರೂ ನಮ್ಮ ಪೈಕಿಯ ಒಂದು ಪಿಳ್ಳೆಯೂ ಅಲ್ಲಿಲ್ಲ. ಹೆಸರು ಕೇಳಿ ಅವ್ವ ಕಂಗಾಲಾದಳು. "ಹ್ವೆ? ಅದು ಊರಿನ ಹೆಸರೋ ಎಮ್ಮಿ ಹೊಡಿಯೂ ಸಪ್ಪಳೋ?" ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ನಿಜಕ್ಕೂ ಗದ್ದೆಯಲ್ಲಿ ಎಮ್ಮೆಗಳು ನಿಂತಿದ್ದವು. ಅವ್ವ ಸ್ವಲ್ಪ ಸಮಾಧಾನಗೊಂಡಳು. ವೀಸಾದ ಅರ್ಜಿ ತುಂಬುವಾಗ ಬಂದ ಉದ್ದೇಶ ಎಂಬಲ್ಲಿ ನಾನು ಪ್ರವಾಸ ಎಂದು ಒತ್ತಿದರೆ ಅತ್ತೆ ಕೈ ಹಿಡಿದಳು. "ಪ್ರವಾಸ ಅಲ್ಲ, ವಾಸ ಅಂತ ಒತ್ತು." ಹಾಗೆ ಒತ್ತಲು ಆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ.

ಶಿವರಾತ್ರಿ ಮುಗಿಸಿ ಹೊರಟಳು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೂಕ ಹೆಚ್ಚಾಯಿತು. ಹೆಚ್ಚಾಗದೆ? ಜೋಳದ ಹಿಟ್ಟು, ರೊಟ್ಟಿಯ ಹಂಚು, ಶೇಂಗಾ ಹಿಂಡಿ, ಪುಂಡಿ ಪಲ್ಯದ ಒಣ ಎಲೆ! ತೂಕ ನೋಡುತ್ತಿದ್ದ ಹುಡುಗಿ ತೆಲುಗಿನಲ್ಲಿ ವಿನಯದಿಂದ, ಏನಾದರೂ ತೆಗೆಯಬೇಕು ಎಂದಳು. ಅತ್ತೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಪೆಟ್ಟಿಗೆ ಬಿಚ್ಚಿದಳು. ಹಿಟ್ಟು ತೆಗೆದಳೇ? ಹಂಚು ತೆಗೆದಳೇ? ಸೀರೆಗಳನ್ನೆಲ್ಲ ತೆಗೆದಳು! ಮೈಮೇಲಿನದೊಂದು, ಪೆಟ್ಟಿಗೆಯಲ್ಲೊಂದು ಬಿಟ್ಟು ಮಿಕ್ಕವನ್ನು ನನ್ನ ಕೈಗೆ ಹೇರಿದಳು. "ಸೀರಿ ಅಲ್ಲಿ ಮಂದಿ ನೋಡಂಗಿಲ್ಲ. ರೊಟ್ಟಿ ನಾ ತಿಂತೀನಿ."

ಅಷ್ಟರಲ್ಲಿ ನನ್ನ ಹಿಂದಿನಿಂದ ಎರಡು ಕೈ ಬಂದು ಆ ಸೀರೆಗಳನ್ನು ಎತ್ತಿಕೊಂಡವು. ಅಪ್ಪ! ತಾವು ಬರುವುದಿಲ್ಲ ಎಂದು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವರು ಯಾವಾಗ ಬಸ್ಸು ಹತ್ತಿದರೋ! ತಂಗಿಯ ಸೀರೆಗಳನ್ನು ಎದೆಗೆ ಅವಚಿ ಹಿಡಿದುಕೊಂಡು, ಆಕೆ ಗಾಜಿನ ಬಾಗಿಲು ದಾಟಿ ಮರೆಯಾಗುವವರೆಗೂ ಕಂಬದ ಪಕ್ಕ ನಿಂತಿದ್ದರು. ಅತ್ತೆ ಒಮ್ಮೆ ತಿರುಗಿ ನೋಡಿದಳು, ಅಷ್ಟೆ.

ಇನ್ನು ಹ್ವೆಯಿಂದ ಬರತೊಡಗಿದ ಸುದ್ದಿಗಳನ್ನು ಏನು ಹೇಳಲಿ! ನದಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಸಣ್ಣ ಕಟ್ಟೆ. ಮನೆಯ ಒಡತಿ ಪಕ್ಕದಲ್ಲೇ ಇರುವ ಮುದುಕಿ. ಮೊದಲ ದಿನವೇ ಆ ಮುದುಕಿ ತನ್ನೆದೆ ಮುಟ್ಟಿಕೊಂಡು, "ಬಾ" ಎಂದಳಂತೆ. ಅತ್ತೆಗೆ ಆಘಾತ. ಸಮುದ್ರ ದಾಟಿ ಬಂದರೆ ಇಲ್ಲೂ ಕನ್ನಡವೇ? ನಮ್ಮವರೇ ಯಾರೋ ಮೊದಲೇ ಬಂದು ಕುಳಿತಿದ್ದಾರೆಯೇ? ವಿಚಾರಿಸಿದರೆ ಅವರ ಭಾಷೆಯಲ್ಲಿ ಬಾ ಎಂದರೆ ಅಜ್ಜಿ!

"ಈಗ ಓಣಿ ಮಂದಿ ಎಲ್ಲಾ ನನಗೂ ಬಾ ಬಾ ಅಂತಾರ" ಎಂದಳು ಫೋನಿನಲ್ಲಿ.

"ನೀ ಏನ್ ಮಾಡ್ತಿ ಅತ್ತಿ?"

"ಕರದರ ಹೋಗಬ್ಯಾಡಾ? ಎಲ್ಲಾರ ಮನಿಗೂ ಹೋಗಿ ಬರ್ಲತ್ತೀನಿ!"

ಬಜಾರಿನ ತಾಲೀಮು ದಂಡವಾಯಿತು. ಸನ್ನೆಗಿನ್ನೆ ಯಾವುದೂ ಬೇಕಾಗಲಿಲ್ಲವಂತೆ. ಅತ್ತೆ ನಮ್ಮ ಕನ್ನಡದಲ್ಲೇ ಜೋರಾಗಿ ಚೌಕಾಶಿ ಮಾಡುತ್ತಾಳೆ, ಅವರು ಅವರದರಲ್ಲಿ. ಇಬ್ಬರಿಗೂ ಬೈಗುಳ ಮಾತ್ರ ಸರಿಯಾಗಿ ಅರ್ಥವಾಗುತ್ತದೆ.

ಒಂದು ದಿನ ವಿಡಿಯೊ ಕರೆ ಮಾಡಿ ಮನೆ ತೋರಿಸಿದಳು. ಅವ್ವ, ನಾನು, ನಮ್ಮಿಂದ ದೂರ ಕುರ್ಚಿಯಲ್ಲಿ ಪೇಪರು ಓದುವ ನಾಟಕ ಮಾಡುತ್ತಿದ್ದ ಅಪ್ಪ. ರಾಜರ ಅರಮನೆ ತೋರಿಸುತ್ತಾಳೆ, ನದಿ ತೋರಿಸುತ್ತಾಳೆ ಎಂದು ಕಾದರೆ ಅತ್ತೆ ನೇರ ಅಡುಗೆಮನೆಗೆ ಹೋದಳು. "ನೋಡ್ರಿ, ಸಕ್ಕರಿ ಡಬ್ಬಿ ಕಿಡಕಿ ಬಾಜೂಕ ಇಟ್ಟೀನಿ. ಉಪ್ಪು ಇಲ್ಲಿ. ಬ್ಯಾಳಿ ಕೆಳಗ. ಮೊದಲ ಬ್ಯಾಳಿ ಮ್ಯಾಲ ಇಟ್ಟಿದ್ದೆ, ಮನಸಿಗಿ ಬರಲಿಲ್ಲ, ಕೆಳಗ ಇಟ್ಟೆ. ನಾಳಿ ಮತ್ತ ಬದಲಿ ಮಾಡಿದ್ರೂ ಮಾಡಿದೆ!" ಅಂದಳು. ಅಷ್ಟು ದೂರ ಹೋಗಿ ತೋರಿಸಲು ಸಿಕ್ಕಿದ್ದು ಸಕ್ಕರೆ ಡಬ್ಬಿಯೇ ಎಂದು ನಾನು ನಗುತ್ತಿದ್ದೆ. ಅವ್ವ ನಗಲಿಲ್ಲ. ಪೇಪರಿನ ಹಿಂದಿನಿಂದಲೂ ಪುಟ ತಿರುವಿದ ಸದ್ದು ಬರಲಿಲ್ಲ.

ಕೊನೆಯ ತಿಂಗಳಲ್ಲಿ, ನಮ್ಮ ಕಡೆ ಬಿಸಿಲು ಕಾಯುತ್ತಿದ್ದ ಹೊತ್ತಿನಲ್ಲಿ, ಅತ್ತೆ ಅಪ್ಪನ ಫೋನಿಗೇ ಕರೆ ಮಾಡಿದಳು. ಅಪ್ಪ ಅದನ್ನು ಕಾದ ಹಂಚಿನ ಹಾಗೆ ಹಿಡಿದುಕೊಂಡು, ಹೇಗೋ ಒತ್ತಿ, ಕಿವಿಗೆ ಇಟ್ಟರು. ಸ್ಪೀಕರ್ ಒತ್ತಿಬಿಟ್ಟಿದ್ದರಿಂದ ನಮಗೆಲ್ಲ ಕೇಳಿಸಿತು.

"ಅಣ್ಣಾ, ನಮ್ಮನಿಗಿ ಬರ್ರಿ."

"ಯಾರ ಮನಿಗಿ?"

"ನಮ್ಮನಿಗ್ರಿ. ನನ್ನ ಮನಿಗಿ."

ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಆಮೇಲೆ ಹುಸಿ ಸಿಟ್ಟು ತಂದುಕೊಂಡು, "ಅಲ್ಲಿ ನಮ್ಮವರು ಯಾರೂ ಇರಬಾರದು ಅಂದಿದ್ದೆಲ್ಲಾ?" ಎಂದರು.

"ಇರಬಾರದು ಅಂದೀನ್ರಿ. ಬರಬಾರದು ಅಂದೀನಾ?"

ಪಾಸ್‌ಪೋರ್ಟ್ ಇಲ್ಲದವರು ಎಲ್ಲಿಗೆ ಹೋದಾರು ಎಂದು ಅವ್ವ ನಿಟ್ಟುಸಿರು ಬಿಡುತ್ತಿದ್ದ ಹಾಗೆ ಅಪ್ಪ ಎದ್ದು ಕಪಾಟು ತೆರೆದರು. ಪಂಚೆಗಳ ಕೆಳಗಿನಿಂದ ಹೊಚ್ಚಹೊಸ ಪಾಸ್‌ಪೋರ್ಟ್ ತೆಗೆದು ನನ್ನ ಮುಂದೆ ಇಟ್ಟರು. ತಂಗಿ ವಿಮಾನ ಹತ್ತಿದ ವಾರವೇ ಗುಟ್ಟಾಗಿ ಹೋಗಿ ಅರ್ಜಿ ಹಾಕಿ ಬಂದಿದ್ದರಂತೆ! ಆಘಾತ ಕೊಡುವ ಗುಣ ಅತ್ತೆಗೆ ಎಲ್ಲಿಂದ ಬಂತು ಎಂದು ಇಷ್ಟು ದಿನ ತಿಳಿದಿರಲಿಲ್ಲ, ಇಡೀ ವಂಶಕ್ಕೇ ಇದೆ. "ಏನ್ ನೋಡ್ತಿ? ಆ ವಾಸದ ಅರ್ಜಿ ತುಂಬು" ಎಂದರು ನನಗೆ.

ನನ್ನ ಪಾಸ್‌ಪೋರ್ಟ್ ಮೊದಲೇ ಇತ್ತು; ನಾನೂ ಅಪ್ಪನೂ ಹೋದೆವು. ದಾರಿಯುದ್ದಕ್ಕೂ ಅಪ್ಪ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ವಿಮಾನದಲ್ಲಿ ಗಗನಸಖಿ ತಂದ ಊಟವನ್ನೂ ನೋಡಲಿಲ್ಲ. ಹ್ವೆ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಮಧ್ಯಾಹ್ನ. ಜಹೀರಾಬಾದಿನಷ್ಟೇ ಬಿಸಿಲು, ಆದರೆ ಬೆವರು ಒಣಗುವುದಿಲ್ಲ. ಅತ್ತೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ತಲೆಯ ಮೇಲೆ ಅವರ ಕಡೆಯ ಹುಲ್ಲಿನ ಚೂಪು ಟೋಪಿ, ಕೆಳಗೆ ನಮ್ಮ ಇಳಕಲ್ ಸೀರೆ. ನಾನು ನಗುವ ಮೊದಲೇ, "ನಗಬ್ಯಾಡ, ತಂಪಿರ್ತದ" ಎಂದು ಗದರಿಸಿದಳು. ದಾರಿಯಲ್ಲೆಲ್ಲ ಬಡಬಡ ಮಾತು. ಇದು ಪೋಸ್ಟ್ ಆಫೀಸು, ಇಲ್ಲಿ ಹೂವು ಸಿಗುತ್ತದೆ, ಈ ಅಂಗಡಿಯಾತ ಕಳ್ಳ, ಆ ಅಂಗಡಿಯಾಕೆ ಗುಣವಂತೆ.

ಓಣಿಯ ಕೊನೆಗೆ ಮನೆ ಬಂತು. ಅತ್ತೆ ಸೊಂಟದಿಂದ ಕೀಲಿ ತೆಗೆದು, ಬೀಗ ತೆರೆದು, ಬಾಗಿಲು ದೂಡಿ ಒಳಗೆ ಹೋದಳು. ನಾನೂ ಹಿಂದೆಯೇ ನುಗ್ಗಿದೆ. ಒಳಗಿನಿಂದ ಫ್ಯಾನು ಹಾಕುತ್ತ, ಕಿಟಕಿ ತೆರೆಯುತ್ತ ಅತ್ತೆ ಇನ್ನೂ ಮಾತಾಡುತ್ತಲೇ ಇದ್ದಳು. ಆಮೇಲೆ ತಿರುಗಿ ನೋಡಿದಳು.

ಅಪ್ಪ ಹೊರಗೇ ನಿಂತಿದ್ದರು. ಚಪ್ಪಲಿ ಬಿಟ್ಟು, ಚೀಲ ಕೈಯಲ್ಲಿ ಹಿಡಿದು, ಹೊಸ್ತಿಲಿನ ಆಚೆ.

"ಯಾಕ್ರಿ ಅಣ್ಣಾ, ಅಲ್ಲೇ ನಿಂತೀರಿ?"

"ನೀ ಕರೀಲಿ ಅಂತ ನಿಂತೀನವ್ವಾ" ಎಂದರು ಅಪ್ಪ. "ನಿನ್ನ ಮನಿ ಅಲ್ಲೇನು?"

ಮಂಗೋಲಿಯಾದ ರಾಜಧಾನಿ ಕೇಳಿ ವೇದಿಕೆಯನ್ನೇ ನಡುಗಿಸಿದ ಅತ್ತೆ ಸರಕ್ಕನೆ ತಿರುಗಿ ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿಯ ಸದ್ದು ಕೇಳಿಸಿತು. ಬಂದಾಗ ಕೈಯಲ್ಲಿ ತುಂಬಿದ ಚೊಂಬು ಇತ್ತು. ಹೊಸ್ತಿಲ ಬಳಿ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಬೀಗರು ಬಂದರೆ ಹೇಗೆ ಹೇಳುತ್ತೇವೋ ಹಾಗೆ ಹೇಳಿದಳು:

"ಬರ್ರಿ ಅಣ್ಣಾ. ಕಾಲಿಗಿ ನೀರು ತಗೋರ್ರಿ."

ಅಪ್ಪ ಕಾಲು ಮುಂದೆ ಮಾಡಿದರು. ಅತ್ತೆ ನೀರು ಸುರಿದಳು, ಚೊಂಬು ಖಾಲಿಯಾಗುವವರೆಗೂ.